ಕಂಬಳಿ ಸುತ್ತಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ

ಮುಂದಿನ ವಾರ ರಾತ್ರಿ ಮೈನಸ್ 10 ಡಿಗ್ರಿಯ ತನಕ ಇಳಿಯುತ್ತಂತೆ, ಹೊರಗೋಡೆಯ ಪೈಪಿಗೆ ಹಳೇ ಕಂಬಳಿ ಸುತ್ತಿದ್ದೀನಿ, ಸಾಕಾ ಅಂತ ಕೇಳಿದ್ದೀರಿ. ಜೊತೆಗೆ ಹತ್ತು ದಿನ ಮನೆ ಬೀಗ ಹಾಕಿರುತ್ತೆ ಅಂತಲೂ ಬರೆದಿದ್ದೀರಿ. ಹಾಗಾದರೆ ಖಂಡಿತ ಸಾಲದು.

ಕಂಬಳಿಯಾಗಲಿ, ಅಂಗಡಿಯಲ್ಲಿ ಸಿಗೋ ಫೋಮ್ ಕವಚವಾಗಲಿ ತಾನಾಗಿ ಬಿಸಿ ಹುಟ್ಟಿಸಲ್ಲ. ಇರೋ ಬಿಸಿ ಬೇಗ ಸೋರಿಹೋಗದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ. ದಿನಾ ನೀರು ಬಳಸೋ ಮನೆಯಲ್ಲಿ ಒಂದು ರಾತ್ರಿ ದಾಟಿಸೋಕೆ ಅದು ಸಾಕಾಗಬಹುದು. ನೀರು ಅಲ್ಲಾಡದೆ ದಿನಗಟ್ಟಲೆ ನಿಂತಿದ್ದರೆ ಎಷ್ಟು ದಪ್ಪ ಸುತ್ತಿದರೂ ಕೊನೆಗೆ ಮಂಜುಗಡ್ಡೆ ಕಟ್ಟೇ ಕಟ್ಟುತ್ತೆ. ಕಂಬಳಿ ನೆನೆದರಂತೂ ಸುತ್ತಿಯೂ ಸುತ್ತದ ಹಾಗೆ. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪು ಹಚ್ಚಿ.

ಪೈಪು ಒಡೆಯೋದು ಹೇಗೆ ಅಂತ ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಹೊಳೆಯುತ್ತೆ. ನೀರು ಗಡ್ಡೆಯಾದಾಗ ಶೇಕಡಾ 9ರಷ್ಟು ಹಿಗ್ಗುತ್ತೆ. ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಸೀಳುತ್ತೆ ಅಂತ ನಾನೂ ಅಂದುಕೊಂಡಿದ್ದೆ. ನಮ್ಮನೆಯಲ್ಲಿ ಗಡ್ಡೆ ಕಟ್ಟಿದ್ದು ಗೋಡೆಯ ತೂತಿನಿಂದ ಗಾಳಿ ನುಗ್ಗೋ ಮೂಲೆಯಲ್ಲಿ. ಸೀಳಿದ್ದು ಅಲ್ಲಿಂದ ನಾಲ್ಕು ಅಡಿ ಈಚೆಗೆ, ಸಿಂಕಿನ ಕೆಳಗೆ, ಅಷ್ಟೇನೂ ತಣ್ಣಗಿಲ್ಲದ ಕಡೆ. ತಾಮ್ರದ ಪೈಪು ಒಂದು ಕಡೆ ಉಬ್ಬಿ, ಮೀನು ಬಾಯಿ ತೆರೆದ ಹಾಗೆ ಬಿರಿದಿತ್ತು. ಆಗಿದ್ದಿಷ್ಟು: ಗಡ್ಡೆ ಬಿರಡೆಯ ಹಾಗೆ ಕೂತು ಬೆಳೆಯುತ್ತಾ ಹೋಗಿದೆ, ಈಚೆಗೆ ನಲ್ಲಿ ಬಿಗಿಯಾಗಿ ಮುಚ್ಚಿದೆ, ನಡುವೆ ಸಿಕ್ಕಿಕೊಂಡ ನೀರಿಗೆ ಹೋಗೋಕೆ ದಾರಿಯಿಲ್ಲ. ನೀರನ್ನು ಹಿಂಡಿ ಚಿಕ್ಕದು ಮಾಡೋಕಾಗಲ್ಲವಲ್ಲ, ಒತ್ತಡ ಏರಿ ಏರಿ ಪೈಪೇ ಸೋತಿತು.

ಚಳಿ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕೋಕೆ ಬಿಡಿ ಅಂತ ಹೇಳೋದು ಇದಕ್ಕೇ. ನೆಲದಡಿಯಿಂದ ಬರೋ ನೀರು ಗಾಳಿಯಷ್ಟು ತಣ್ಣಗಿರಲ್ಲ, ಅದೊಂದು ಲಾಭ. ಆದರೆ ದೊಡ್ಡ ಲಾಭ ಅಂದರೆ ಒತ್ತಡಕ್ಕೆ ಬಾಯಿ ಸಿಗುತ್ತೆ. ಮನೆಯೊಳಗೆ ನೀರು ಬರೋ ಜಾಗದಿಂದ ಅತಿ ದೂರದ ನಲ್ಲಿ ಆರಿಸಿಕೊಳ್ಳಿ. ಬಿಸಿನೀರಿನ ಕಡೆಯೂ ಸ್ವಲ್ಪ ತೆರೆಯಿರಿ, ರಾತ್ರಿ ಬಳಸದೆ ನಿಂತರೆ ಆ ಪೈಪಿಗೂ ಇದೇ ಗತಿ.

ನೀವು ಊರಲ್ಲಿರಲ್ಲವಾದ್ದರಿಂದ ತೊಟ್ಟಿಕ್ಕಿಸೋ ಉಪಾಯ ಬೇಡ, ನೀರನ್ನೇ ಇಳಿಸಿಬಿಡಿ. ಮನೆಗೆ ಬರೋ ನೀರನ್ನೆಲ್ಲ ನಿಲ್ಲಿಸೋ ಮೇನ್ ವಾಲ್ವ್ ಮುಚ್ಚಿ, ಗೀಸರ್ ಸ್ವಿಚ್ ಆರಿಸಿ, ಮೇಲಿನ ನಲ್ಲಿಗಳಿಂದ ಶುರುಮಾಡಿ ಎಲ್ಲವನ್ನೂ ತೆರೆದು, ಅತಿ ಕೆಳಗಿನ ನಲ್ಲಿಯಿಂದ ನೀರು ಪೂರ್ತಿ ಹೋಗಲಿ. ಮೇಲಿನವು ತೆರೆದಿದ್ದರೇನೇ ಗಾಳಿ ಒಳಗೆ ಹೋಗಿ ನೀರು ಕೆಳಗಿಳಿಯೋದು. ಫ್ಲಶ್ ಟ್ಯಾಂಕನ್ನೂ ಖಾಲಿ ಮಾಡಿ, ಅದನ್ನು ಎಲ್ಲರೂ ಮರೀತಾರೆ. ಮನೆ ಬೆಚ್ಚಗಿಡೋ ವ್ಯವಸ್ಥೆ ಇದ್ದರೆ ಪೂರ್ತಿ ಆರಿಸದೆ 13 ಡಿಗ್ರಿ ಸುಮಾರಿಗೆ ಬಿಟ್ಟು ಹೋಗಿ.

ತೋಟದ ನಲ್ಲಿಗೆ ಸಿಕ್ಕಿಸಿರೋ ಹೋಸ್ ಪೈಪನ್ನು ಇವತ್ತೇ ಕಿತ್ತುಬಿಡಿ. ಅದರಲ್ಲಿ ನಿಂತ ನೀರು ನಲ್ಲಿಯೊಳಗಿನ ನೀರು ಹೊರಗೆ ಹೋಗದ ಹಾಗೆ ಹಿಡಿದಿಡುತ್ತೆ. ಚಳಿಗೆ ಒಡೆಯಲ್ಲ ಅಂತಲೇ ಮಾರೋ ನಲ್ಲಿಗಳೂ ಹೋಸ್ ಇದ್ದರೆ ಒಡೆಯುತ್ತವೆ. ಆಮೇಲೆ ಆ ನಲ್ಲಿಗೆ ನೀರು ಬಿಡೋ ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದೇ ಬಿಡಿ.

ಫೋಮ್ ಹಾಕೋದಾದರೆ ಎಲ್ಬೋ (ಪೈಪು ತಿರುಗೋ ಜೋಡಣೆ), ಟೀ (ಪೈಪು ಕವಲೊಡೆಯೋ ಜೋಡಣೆ), ವಾಲ್ವ್ ಯಾವುದನ್ನೂ ಬಿಡಬೇಡಿ. ನೇರ ಪೈಪಿಗೆ ಅಚ್ಚುಕಟ್ಟಾಗಿ ತೊಡಿಸಿ ತಿರುವಿನಲ್ಲಿ ಎರಡು ಇಂಚು ಬರಿದಾಗಿ ಬಿಟ್ಟರೆ ಗಡ್ಡೆ ಅಲ್ಲೇ ಕೂರುತ್ತೆ. ಅದಕ್ಕಿಂತ ಮೊದಲು ಪೈಪು ಗೋಡೆ ದಾಟೋ ತೂತುಗಳನ್ನು ಮುಚ್ಚಿ. ನಿಂತ ಚಳಿಗಿಂತ ಬೀಸೋ ಗಾಳಿ ಪೈಪಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತೆ. ಇನ್ನೊಂದು ಮಾತು, ಹೊರಗೋಡೆಯೊಳಗೆ ಪೈಪು ಇದ್ದರೆ ಶಾಖ ತಡೆಯೋ ಹಾಸು ಪೈಪಿಗೂ ಹೊರಗಿನ ಚಳಿಗೂ ನಡುವೆ ಇರಬೇಕು. ಕೋಣೆಯ ಕಡೆ ತುಂಬಿದರೆ ಮನೆಯ ಬಿಸಿಯನ್ನೇ ಪೈಪಿಗೆ ತಲುಪದ ಹಾಗೆ ಮಾಡಿದಿರಿ. ಇಂಥ ಕೆಲಸ ಕಂಡು ನನಗೆ ನಗಬೇಕೋ ಅಳಬೇಕೋ ತಿಳಿದಿರಲಿಲ್ಲ.

ಪೈಪಿಗೆ ಸುತ್ತಿ ಬೆಚ್ಚಗಿಡೋ ಕರೆಂಟಿನ ಹೀಟಿಂಗ್ ಕೇಬಲ್ ಒಳ್ಳೇದೇ. ಚಳಿ ನೋಡಿ ತಾನಾಗೇ ಆನ್, ಆಫ್ ಆಗೋ ಥರ್ಮೋಸ್ಟಾಟ್ ಇರೋದನ್ನೇ ತಗೊಳ್ಳಿ, ಕರೆಂಟ್ ಸೋರಿದರೆ ಕಡಿತ ಮಾಡೋ ಬ್ರೇಕರ್ ಮೂಲಕ ಜೋಡಿಸಿ. ಒಂದರ ಮೇಲೊಂದು ಸುತ್ತು ಬರೋ ಹಾಗೆ ಹಾಕಬೇಡಿ, ಸಾಮಾನ್ಯ ಕೇಬಲ್ ಆದರೆ ಆ ಜಾಗ ಕಾದು ಸುಟ್ಟುಹೋಗುತ್ತೆ. ಕರೆಂಟ್ ಹೋದ ರಾತ್ರಿ ಇದು ಬರೀ ದಾರ ಅನ್ನೋದೂ ನೆನಪಿರಲಿ.

ಇಷ್ಟಾಗಿಯೂ ಬೆಳಗ್ಗೆ ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಮೇನ್ ವಾಲ್ವ್ ಮುಚ್ಚಿ, ಯಾಕಂದರೆ ಸೀಳಿದ್ದು ಗೊತ್ತಾಗೋದು ಗಡ್ಡೆ ಕರಗಿದ ಮೇಲೇ. ನಲ್ಲಿ ತೆರೆದಿಟ್ಟು, ನಲ್ಲಿಯ ತುದಿಯಿಂದ ಗಡ್ಡೆಯ ಕಡೆಗೆ ಹೇರ್ ಡ್ರೈಯರ್ ಹಿಡಿಯುತ್ತಾ ಹೋಗಿ, ಅಥವಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ. ಬೆಂಕಿ ಹಿಡಿಯಬೇಡಿ, ಕುದಿಯೋ ನೀರು ಸುರಿಯಬೇಡಿ.

ಈಗಲೇ ಹೋಗಿ ಆ ಮೇನ್ ವಾಲ್ವನ್ನು ಒಂದು ಸಲ ತಿರುಗಿಸಿ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಜಾಮ್ ಆಗಿರುತ್ತೆ. ತಿರುಗದಿದ್ದರೆ ಇಲ್ಲೇ ಫೋಟೋ ಹಾಕಿ, ಜೋರು ಮಾತ್ರ ಮಾಡಬೇಡಿ.