ತವರು ಹೆಸರಿನ ಜಾಡು ಹಿಡಿದು ಮರೀ ರೊಲೆಯ ತನಕ

ಪ್ರಶ್ನೆ: ನಾನು ಮಗನ ಜೊತೆ ಮಾಂಟ್ರಿಯಲ್‌ನಲ್ಲಿದ್ದೇನೆ. ಸೊಸೆ ಇಲ್ಲಿಯವಳೇ, ಅವಳ ಮನೆತನದ ಹೆಸರು ಎಬೇರ್. ಕ್ವಿಬೆಕ್‌ನಲ್ಲಿ ನೆಲೆನಿಂತ ಮೊದಲ ಫ್ರೆಂಚ್ ರೈತ ಕುಟುಂಬದ ಲೂಯಿ ಎಬೇರ್ ಮತ್ತು ಮರೀ ರೊಲೆ ದಂಪತಿಯ ವಂಶ ತಮ್ಮದು ಅಂತ ಅವಳ ತವರಿನವರು ಹೇಳುತ್ತಾರೆ. ಮೊಮ್ಮಗಳು ಶಾಲೆಗೆ ವಂಶವೃಕ್ಷ ಬರೆದುಕೊಂಡು ಹೋಗಬೇಕು. ಇದು ನಿಜವಾ ಅಂತ ಪತ್ತೆ ಮಾಡೋದು ಹೇಗೆ?

ಉತ್ತರ: ನಿಮ್ಮ ಸೊಸೆ ಮರೀ ರೊಲೆಯ ವಂಶದವಳೇ ಆಗಿರಬಹುದು. ಕ್ವಿಬೆಕ್‌ನ ಹಳೆಯ ಕುಟುಂಬಗಳಲ್ಲಿ ಅದು ಅಪರೂಪವೇನಲ್ಲ. ಆದರೆ ಎಬೇರ್ ಅನ್ನೋ ಹೆಸರು ಅದಕ್ಕೆ ಸಾಕ್ಷಿಯಾಗುವುದಿಲ್ಲ. ಈ ಮನೆಯಲ್ಲಿ ಆ ಹೆಸರು ಮೊಮ್ಮಗನ ಕಾಲಕ್ಕೇ ನಿಂತುಹೋಯಿತು. ವಂಶ ಬೆಳೆದದ್ದು ಹೆಣ್ಣುಮಕ್ಕಳಿಂದ.

ಮರೀ ರೊಲೆ ಪ್ಯಾರಿಸ್‌ನವಳು. ಮೊದಲ ಗಂಡ ತೀರಿಕೊಂಡ ಮೇಲೆ 1601ರಲ್ಲಿ ಔಷಧಿ ವ್ಯಾಪಾರಿ ಲೂಯಿ ಎಬೇರ್‌ನನ್ನು ಮದುವೆಯಾದಳು. 1617ರಲ್ಲಿ ಮನೆಮಠ ಮಾರಿ, ಮೂರು ಮಕ್ಕಳನ್ನು ಕಟ್ಟಿಕೊಂಡು ಓನ್‌ಫ್ಲರ್ ಬಂದರಿಗೆ ಬಂದರು. ಹಡಗು ಹತ್ತುವ ಹೊತ್ತಿಗೆ, ಲೂಯಿಯನ್ನು ಕೆಲಸಕ್ಕೆ ಕರೆದಿದ್ದ ತುಪ್ಪಳ ವ್ಯಾಪಾರದ ಕಂಪನಿಯವರು ಮಾತು ಬದಲಿಸಿ, ಒಪ್ಪಿದ್ದ ಸಂಬಳವನ್ನು ಅರ್ಧಕ್ಕೆ ಇಳಿಸಿದರು. ಮನೆ ಮಾರಿ ಆಗಿತ್ತು, ವಾಪಸ್ ಹೋಗೋದು ಎಲ್ಲಿಗೆ? ಹಾಗೇ ಹೊರಟರು. ಕ್ವಿಬೆಕ್‌ನ ಗುಡ್ಡದ ಮೇಲೆ ಕಾಡು ಕಡಿದು ಬೇಸಾಯ ಶುರುಮಾಡಿದರು. ನೇಗಿಲು ಇರಲಿಲ್ಲ, ಎಲ್ಲ ಕೈಯಲ್ಲೇ ಅಗೆಯಬೇಕು. ಎತ್ತು ಕಟ್ಟಿ ನೇಗಿಲು ಹೂಡಿದ್ದು 1628ರ ಏಪ್ರಿಲ್‌ನಲ್ಲಿ. ಅದನ್ನು ನೋಡಲು ಲೂಯಿ ಇರಲಿಲ್ಲ. ಹಿಂದಿನ ವರ್ಷ ಜನವರಿಯಲ್ಲಿ ಮಂಜುಗಡ್ಡೆ ಮೇಲೆ ಜಾರಿ ಬಿದ್ದ ಪೆಟ್ಟಿನಿಂದ ತೀರಿಕೊಂಡಿದ್ದ. 1629ರಲ್ಲಿ ಇಂಗ್ಲಿಷರು ಕ್ವಿಬೆಕ್ ಹಿಡಿದಾಗ ಹೆಚ್ಚಿನವರು ಫ್ರಾನ್ಸಿಗೆ ಮರಳಿದರು. ಮರೀ ಮನೆಯವರು ಅಲ್ಲೇ ಉಳಿದರು.

ಈಗ ಮಕ್ಕಳ ವಿಷಯ. ನಿಮಗೆ ಬೇಕಾದ್ದು ಇಲ್ಲಿದೆ.

ದೊಡ್ಡ ಮಗಳು ಆನ್ ಮದುವೆಯಾದ ಸ್ವಲ್ಪ ದಿನಕ್ಕೇ ಹೆರಿಗೆಯಲ್ಲಿ ತೀರಿಕೊಂಡಳು. ಎರಡನೆಯವಳು ಗಿಯೆಮೆತ್ 1621ರಲ್ಲಿ ಗಿಯೋಮ್ ಕುಯಾರ್‌ನನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಹೆತ್ತಳು. 1684ರಲ್ಲಿ ಅವಳು ತೀರಿಕೊಂಡಾಗ ಅವಳ ಸಂತತಿ 250 ದಾಟಿತ್ತು. ಮಗ ಗಿಯೋಮ್ ಎಬೇರ್ 1634ರಲ್ಲಿ ಎಲೆನ್ ದೆಪೋರ್ತ್‌ಳನ್ನು ಮದುವೆಯಾದ, ಐದೇ ವರ್ಷಕ್ಕೆ ತೀರಿಹೋದ. ಅವನ ಮಗ ಜೋಸೆಫ್ ಇರೊಕ್ವಾ ಎಂಬ ಮೂಲನಿವಾಸಿ ಜನರ ಕೈಗೆ ಸೆರೆಸಿಕ್ಕಿ ಸತ್ತ. ಹೆಸರು ಮುಂದುವರಿಸಲು ಗಂಡು ಉಳಿಯಲಿಲ್ಲ. ಜೋಸೆಫ್‌ನ ತಂಗಿ ಫ್ರಾನ್ಸ್ವಾಜ್ ಮಾತ್ರ ಫೂರ್ನಿಯೆ ಮನೆಗೆ ಸೊಸೆಯಾಗಿ ಹೋಗಿ ದೊಡ್ಡ ಸಂಸಾರ ಬೆಳೆಸಿದಳು.

ಅಂದರೆ ನಿಮ್ಮ ದಾರಿ ಒಂದೋ ಕುಯಾರ್ ಮನೆಗೆ ಮುಟ್ಟಬೇಕು, ಇಲ್ಲವೇ ಫೂರ್ನಿಯೆ ಮನೆಗೆ. ಇಂದಿನ ಎಷ್ಟೋ ಎಬೇರ್ ಮನೆಗಳ ಮೂಲ, ಕ್ವಿಬೆಕ್‌ನ ಪೂರ್ವಕ್ಕಿದ್ದ ಇನ್ನೊಂದು ಫ್ರೆಂಚ್ ವಸಾಹತು ಅಕೇಡಿಯಾಕ್ಕೆ ಬಂದ ಆಂತ್ವಾನ್, ಎತಿಯೆನ್ ಎಂಬ ಅಣ್ಣತಮ್ಮಂದಿರು. ಅವರೇ ಬೇರೆ. ಇನ್ನೊಂದು ಕಡೆಯೂ ಜನ ಎಡವುತ್ತಾರೆ. ಎಲೆನ್ ಗಂಡ ತೀರಿಕೊಂಡ ಮೇಲೆ ನೊಯೆಲ್ ಮೊರಾಂನನ್ನು ಮದುವೆಯಾದಳು. ಆ ಮದುವೆಯ ಮಕ್ಕಳು ಮರೀ ರೊಲೆಯ ಮೊಮ್ಮಕ್ಕಳಲ್ಲ.

ಹುಡುಕೋದು ಹೀಗೆ. ಸೊಸೆಯ ತಂದೆತಾಯಿಯ ಮದುವೆ ದಾಖಲೆಯಿಂದ ಶುರುಮಾಡಿ. ಕ್ವಿಬೆಕ್‌ನ ಚರ್ಚ್ ದಾಖಲೆಗಳಲ್ಲಿ ಸಾಮಾನ್ಯವಾಗಿ ವಧು, ವರ ಇಬ್ಬರ ತಂದೆತಾಯಿಯ ಹೆಸರೂ ಇರುತ್ತದೆ. ತಾಯಿಯ ಹೆಸರು ತವರಿನದೇ. ಒಂದು ಮದುವೆ ಸಿಕ್ಕಿದರೆ ಒಂದು ತಲೆಮಾರು ಹಿಂದಕ್ಕೆ ಹೋದ ಹಾಗೆ. ಮದುವೆ ಹೆಚ್ಚಾಗಿ ಹೆಣ್ಣಿನ ಊರಲ್ಲೇ ಆಗುತ್ತಿತ್ತು, ಹುಡುಕುವಾಗ ಇದು ನೆನಪಿರಲಿ. ವಿಧವೆಯ ಮರುಮದುವೆಯಾದರೆ ಎಷ್ಟೋ ಸಲ ತಂದೆತಾಯಿಯ ಹೆಸರು ಬಿಟ್ಟು, ಸತ್ತ ಗಂಡನ ಹೆಸರು ಬರೆದಿರುತ್ತಾರೆ. ಆಗ ಗಾಬರಿ ಬೇಡ, ಅವಳ ಮೊದಲ ಮದುವೆ ಹುಡುಕಿ. ತೀರಾ ಹಳೆಯ ತಲೆಮಾರುಗಳಿಗೆ ನಿಮ್ಮೂರಿನ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಈ ದಾಖಲೆಗಳನ್ನೆಲ್ಲ ಜೋಡಿಸಿ ಮಾಡಿರುವ ದೊಡ್ಡ ಮಾಹಿತಿಕೋಶ ಇದೆ. ತಂದೆಯ ಕಡೆಯದೊಂದೇ ನೋಡಿ ಸುಮ್ನೆ ಕೂರಬೇಡಿ. ಅಜ್ಜಿಯ ಅಜ್ಜಿಯ ಕಡೆಯದೂ ನೋಡಿ, ನನಗೆ ಅಲ್ಲೇ ನಂಬಿಕೆ ಜಾಸ್ತಿ.

ಒಂದು ಎಚ್ಚರಿಕೆ. 1640ರ ಜೂನ್‌ನಲ್ಲಿ ಕ್ವಿಬೆಕ್ ಚರ್ಚಿಗೆ ಬೆಂಕಿ ಬಿದ್ದು ದಾಖಲೆ ಪುಸ್ತಕಗಳು ಸುಟ್ಟುಹೋದವು. ಈಗ ಇರುವ 1621ರಿಂದ 1640ರವರೆಗಿನ ನಮೂದುಗಳು ಆಮೇಲೆ ಜನರ ನೆನಪಿನಿಂದ ಬರೆದವು. ಗಿಯೆಮೆತ್‌ಳ ಮದುವೆಯ ನಮೂದು ಕೂಡ ಅಂಥದ್ದೇ. ಆ ಕಾಲದ ತಾರೀಖು ಒಂದೆರಡು ದಿನ ಆಚೀಚೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಕೊನೆಗೆ ಒಂದು ಕೋರಿಕೆ. ಮೊಮ್ಮಗಳು ಗಿಯೆಮೆತ್‌ಳ ಮನೆ ಬರೆದರೆ, ಆ ಮನೆಯಲ್ಲಿದ್ದ ಬೇರೆ ಮಕ್ಕಳನ್ನೂ ಪಕ್ಕದಲ್ಲಿ ಬರೆಯಲಿ. ಕ್ವಿಬೆಕ್ ಸ್ಥಾಪಿಸಿದ ಶಾಂಪ್ಲೇನ್ 1629ರಲ್ಲಿ ಬಿಟ್ಟುಹೋದ, ಶಾರಿತೆ ಮತ್ತು ಎಸ್ಪೆರಾಂಸ್ ಅಂತ ಫ್ರೆಂಚರು ಹೆಸರಿಟ್ಟಿದ್ದ, ‘ಇನ್ನು’ (Innu) ಎಂಬ ಮೂಲನಿವಾಸಿ ಬುಡಕಟ್ಟಿನ ಇಬ್ಬರು ಹುಡುಗಿಯರು. ಮತ್ತೆ ಇಂಗ್ಲಿಷರು ಹಡಗಿನಲ್ಲಿ ತಂದು ಮಾರಿದ ಒಬ್ಬ ಆಫ್ರಿಕನ್ ಹುಡುಗ. ಅವನಿಗೆ 1633ರಲ್ಲಿ ಒಲಿವಿಯೆ ಲ ಜನ್ ಅಂತ ಹೆಸರಿಟ್ಟು ಕ್ರೈಸ್ತ ದೀಕ್ಷೆ ಕೊಟ್ಟರು. 1654ರಲ್ಲಿ ಅವನು ಸತ್ತಾಗ ಪುಸ್ತಕದಲ್ಲಿ ಮನೆಯಾಳು ಅಂತಷ್ಟೇ ಬರೆದುಕೊಂಡರು.