ಮೊಸಳೆಗಳು ಬೆಳಗಿನ ಹೊತ್ತು ಬಿಸಿಲಿಗೆ ಮಲಗುವುದೇಕೆ?

ರಾಯಚೂರಿನ ಬಳಿ ಕೃಷ್ಣಾ ನದಿಯಲ್ಲಿ, ಚಳಿಗಾಲದ ಬೆಳಗ್ಗೆ ಮೊಸಳೆಗಳು ಬಂಡೆಯ ಮೇಲೆ ಕದಲದೆ ಮಲಗಿರುವುದೇಕೆ ಎಂದು ಕೇಳಿದ್ದೀರಿ. ನಮ್ಮ ದೇಹವು ತಿಂದ ಆಹಾರದಿಂದಲೇ ಶಾಖ ಹುಟ್ಟಿಸಿಕೊಂಡು ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳುತ್ತದೆ. ಮೊಸಳೆ, ಹಾವು, ಓತಿಕ್ಯಾತಗಳಂಥ ಶೀತರಕ್ತ ಪ್ರಾಣಿಗಳಲ್ಲಿ ಹಾಗೆ ಹುಟ್ಟುವ ಶಾಖ ತೀರ ಕಡಿಮೆಯಾದ್ದರಿಂದ, ಅವು ಬಿಸಿಲು, ಕಾದ ಕಲ್ಲು, ನೀರು ಮತ್ತು ನೆರಳುಗಳ ನಡುವೆ ಓಡಾಡಿಯೇ ಮೈಯ ಬಿಸಿಯನ್ನು ಹೊಂದಿಸಿಕೊಳ್ಳಬೇಕು. ಮೈ ತಣ್ಣಗಿದ್ದರೆ ಓಟವೂ ಜೀರ್ಣಕ್ರಿಯೆಯೂ ನಿಧಾನವಾಗುತ್ತವೆ. (‘ಶೀತರಕ್ತ’ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು: ಆನೆಗುಂದಿಯ ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಂಡ ಓತಿಕ್ಯಾತದ ರಕ್ತ ಬೆಚ್ಚಗೇ ಇರುತ್ತದೆ.) ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅದೇ ಮೊಸಳೆ ನೀರಿಗಿಳಿಯುತ್ತದೆ, ಇಲ್ಲವೇ ಬಾಯಿ ತೆರೆದು ಮಲಗಿ, ಒಳಗಿನ ತೇವ ಆವಿಯಾಗುವುದರಿಂದ ತಲೆಯನ್ನು ತಂಪಾಗಿಸಿಕೊಳ್ಳುತ್ತದೆ. ಶಾಖಕ್ಕಾಗಿ ಆಹಾರವನ್ನು ವ್ಯಯಿಸಬೇಕಿಲ್ಲವಾದ್ದರಿಂದ ಅದು ವಾರಗಟ್ಟಲೆ ಉಪವಾಸವಿರಬಲ್ಲದು.