ಆ ರೂಮಿನ ಮಾತು ಆ ರೂಮಿನಲ್ಲೇ ಇರಲಿ

ರಾಜಾಜಿನಗರದ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಮಗಳು ಒಂಬತ್ತನೇ ಕ್ಲಾಸು. ಈ ವರ್ಷ ಶಾಲೆಗೆ ಹೊಸದಾಗಿ ಕೌನ್ಸೆಲರ್ ಬಂದಿದ್ದಾರೆ. ಗೆಳತಿಯರು ಮಾತು ಬಿಟ್ಟಿದ್ದಾರೆ, ಒಬ್ಬಳೇ ಕೂತು ಡಬ್ಬಿ ತಿನ್ನುತ್ತಿದ್ದೇನೆ ಎಂದು ಮಗಳು ಅವರ ಹತ್ತಿರ ಹೇಳಿಕೊಂಡಳು. ಮಾರನೇ ದಿನ ಕ್ಲಾಸ್ ಟೀಚರ್ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಯಾರ್ರೇ ಅದು, ಇವಳ ಜೊತೆ ಮಾತು ಬಿಟ್ಟಿರೋದು?" ಎಂದು ಎಲ್ಲರ ಮುಂದೆ ಕೇಳಿದರು. ಅವತ್ತಿನಿಂದ ಹುಡುಗಿ ಕೌನ್ಸೆಲರ್ ರೂಮಿನ ಕಡೆ ತಲೆ ಹಾಕಿಲ್ಲ. ಅತ್ತೆಯವರು, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮಗೂನ ಈಗಲೇ ನಿಮ್ಹಾನ್ಸ್ ದಾರಿ ಹಿಡಿಸ್ತೀರಾ?" ಎನ್ನುತ್ತಾರೆ. ಹೈಸ್ಕೂಲಿಗೆ ಇಂಥ ಸೇವೆ ನಿಜವಾಗಿ ಬೇಕಾ ಎಂಬುದು ಪ್ರಶ್ನೆ. ಪತ್ರದ ಕೊನೆಗೆ ಇನ್ನೊಂದು ಸಾಲಿದೆ: "ಅಲ್ಲಿ ಅವಳು ಇನ್ನೇನೇನು ಹೇಳಿದಳೋ. ಹೆತ್ತ ತಾಯಿ ನನಗಾದರೂ ಕೌನ್ಸೆಲರ್ ಹೇಳಬೇಕಿತ್ತು ಅಲ್ವಾ?"

ನಮಸ್ಕಾರ ಮೇಡಂ,

ಪತ್ರ ಓದಿ ಮುಗಿಸಿದ ಮೇಲೂ ಬೆಂಚಿನ ಮಧ್ಯೆ ಎದ್ದು ನಿಂತ ನಿಮ್ಮ ಮಗಳೇ ಕಣ್ಣ ಮುಂದೆ ಇದ್ದಳು. ಆ ಟೀಚರ್ ಕೆಟ್ಟವರು ಅಂತ ನನಗೆ ಅನಿಸಲಿಲ್ಲ. ಒಂದೇ ನಿಮಿಷದಲ್ಲಿ ಜಗಳ ಬಿಡಿಸಿಬಿಡೋಣ ಅಂದುಕೊಂಡಿರಬೇಕು. ಆದರೆ ಹದಿನಾಲ್ಕು ವರ್ಷದ ಹುಡುಗಿಗೆ, ತನ್ನ ಜೊತೆ ಯಾರೂ ಮಾತಾಡುತ್ತಿಲ್ಲ ಅನ್ನುವುದಕ್ಕಿಂತ ಅದು ಎಲ್ಲರಿಗೂ ಗೊತ್ತಾಯಿತು ಅನ್ನುವುದು ಜಾಸ್ತಿ ನೋವು.

ಬೇಕಾ ಎಂದು ಕೇಳಿದ್ದೀರಿ. ಬೇಕು. ನಾನು ಹೇಳುವುದಿರಲಿ, ಸುಪ್ರೀಂ ಕೋರ್ಟೇ ಹೇಳಿದೆ. ವಿದ್ಯಾರ್ಥಿಗಳ ಆತ್ಮಹತ್ಯೆ ಜಾಸ್ತಿಯಾಗುತ್ತಿರುವುದನ್ನು ಕಂಡು 2025ರ ಜುಲೈನಲ್ಲಿ ಕೋರ್ಟು ದೇಶದ ಎಲ್ಲ ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್‌ಗಳಿಗೆ ಸೂಚನೆ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಂಡಿರಬೇಕು. ಸಹಾಯವಾಣಿ ನಂಬರುಗಳು ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಇರಬೇಕು. ಮಾರ್ಕ್ಸ್ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರೆದುರು ಅವಮಾನ ಮಾಡುವುದು, ಇವನ್ನು ಆದಷ್ಟೂ ಬಿಡಬೇಕು ಎಂದೂ ಅದರಲ್ಲಿದೆ. (ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಮಾರ್ಕ್ಸ್ ನೋಡಿ ಸೆಕ್ಷನ್ ಹಂಚುವ ಶಾಲೆಗಳು ನಮ್ಮ ಊರಲ್ಲೂ ಇವೆ. ಅವರು ಇದನ್ನು ಓದಲಿ.)

ಇಷ್ಟೆಲ್ಲ ಕಾಗದದ ಮೇಲಿನ ಮಾತು. ಶಾಲೆಯೊಳಗೆ ಹೋದರೆ ಕತೆಯೇ ಬೇರೆ. ಕೌನ್ಸೆಲರ್ ಅಂತ ಬಂದವರನ್ನು, ಇಂಗ್ಲಿಷ್ ಮೇಡಂ ರಜೆ ಹಾಕಿದರೆ ಅವರ ಪಿರಿಯಡ್‌ಗೆ ಕಳಿಸುತ್ತಾರೆ. ಪರೀಕ್ಷೆ ಬಂದರೆ ಇನ್ವಿಜಿಲೇಶನ್ ಹಾಕುತ್ತಾರೆ. ಬೆಳಗ್ಗೆ "ಏಯ್, ಹಿಂದೆ ತಿರುಗಬೇಡ" ಎಂದು ಗದರಿದವರ ಹತ್ತಿರ ಮಗು ಮಧ್ಯಾಹ್ನ ಹೋಗಿ ಅಳುತ್ತದಾ? ಅವರ ರೂಮು ನೋಡಿದರೆ ಪ್ರಿನ್ಸಿಪಾಲರ ರೂಮಿನ ಪಕ್ಕದಲ್ಲೇ. ಅಲ್ಲಿಗೆ ಕರೆಸಬೇಕಾದರೆ ಅಟೆಂಡರ್ ಚೀಟಿ ಹಿಡಿದು ಕ್ಲಾಸಿನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ. ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಅಲ್ಲಿಗೆ ಮುಗಿಯಿತು.

ಇದಕ್ಕೆ ದುಡ್ಡು ಬೇಕಾಗಿಲ್ಲ, ಸ್ವಲ್ಪ ಯೋಚನೆ ಸಾಕು. ಜೂನ್‌ನಲ್ಲಿ ಪ್ರತಿ ಮಗುವೂ ಐದು ನಿಮಿಷ ಆ ರೂಮಿಗೆ ಹೋಗಿ ಬರಲಿ, ಫಸ್ಟ್ ರ‍್ಯಾಂಕ್ ಹುಡುಗನೂ ಸೇರಿ. ಆಮೇಲೆ ಯಾರು ಹೋದರೂ ಅದು ಸುದ್ದಿಯಾಗುವುದಿಲ್ಲ.

ಈಗ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಸ್ವಲ್ಪ ಖಾರವಾದರೆ ಬೇಜಾರು ಮಾಡಿಕೊಳ್ಳಬೇಡಿ. ಮಗಳ ಗುಟ್ಟನ್ನು ಕೌನ್ಸೆಲರ್ ಟೀಚರ್‌ಗೆ ಹೇಳಿದ್ದು ತಪ್ಪು ಎಂದು ಎರಡು ಪುಟ ಬರೆದಿದ್ದೀರಿ. ಮೂರನೇ ಪುಟದಲ್ಲಿ, ನನಗೆ ಹೇಳಬೇಕಿತ್ತು ಎನ್ನುತ್ತೀರಿ. ನಿಮಗೆ ಇವೆರಡೂ ಬೇರೆ ಬೇರೆ. ನಾನೂ ಮಗಳ ಅಪ್ಪ, ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಮಗಳಿಗೆ ಎರಡೂ ಒಂದೇ. ನಾನು ಒಬ್ಬರಿಗೆ ಹೇಳಿದೆ, ಅದು ಇನ್ನೊಬ್ಬರಿಗೆ ಹೋಯಿತು. ಅಷ್ಟೇ ಅವಳ ಲೆಕ್ಕ. ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅಮ್ಮ ರಾತ್ರಿಯೆಲ್ಲ ನಿದ್ದೆಗೆಡುತ್ತಾಳೆ, ಅಪ್ಪ ಬೆಳಗ್ಗೆ ಶಾಲೆಗೆ ಬಂದು ಕೂಗಾಡುತ್ತಾನೆ ಎಂದು ಗೊತ್ತಿರುವುದರಿಂದಲೇ ಮಕ್ಕಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಹಾಗಂತ ಎಲ್ಲವನ್ನೂ ಮುಚ್ಚಿಡಿ ಎಂದು ಯಾವ ಕೌನ್ಸೆಲರ್‌ಗೂ ಹೇಳಲಾಗದು. ಮಗು ತನಗೆ ತಾನೇ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡರೆ, ಅಥವಾ ಬೇರೆ ಯಾರೋ ಹಿಂಸೆ ಕೊಡುತ್ತಿದ್ದರೆ, ಸುಮ್ನೆ ಕೂರುವ ಹಾಗಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, 2012ರ ಪೋಕ್ಸೋ ಕಾಯ್ದೆಯಲ್ಲಿ ಅದು ಕಡ್ಡಾಯ. ತಿಳಿಸದಿದ್ದರೆ ಅದೇ ಅಪರಾಧ. ಒಳ್ಳೆಯ ಕೌನ್ಸೆಲರ್ ಇದನ್ನು ಮೊದಲ ದಿನವೇ ಮಗುವಿಗೆ ಹೇಳುತ್ತಾರೆ: ಇಂಥಿಂಥ ವಿಷಯ ಬಂದರೆ ನಾನು ದೊಡ್ಡವರಿಗೆ ಹೇಳಬೇಕಾಗುತ್ತೆ, ಹೇಳುವ ಮುಂಚೆ ನಿನಗೆ ತಿಳಿಸ್ತೀನಿ, ಉಳಿದದ್ದು ನಮ್ಮಿಬ್ಬರಲ್ಲೇ. ಗೆಳತಿಯರ ಮುನಿಸು ಆ "ಇಂಥಿಂಥ"ದಲ್ಲಿ ಬರುವುದಿಲ್ಲ. ಟೀಚರ್ ಕಿವಿಗೆ ಹಾಕಲೇಬೇಕು ಅನಿಸಿದ್ದರೂ ಅವಳನ್ನು ಒಂದು ಮಾತು ಕೇಳಬೇಕಿತ್ತು.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರ ಕಾಲದಲ್ಲಿ ಇದೆಲ್ಲ ಇತ್ತು, ಹೆಸರು ಬೇರೆ ಇತ್ತು. ನಮ್ಮ ಶಾಲೆಯಲ್ಲಿ ಒಬ್ಬ ಪಿಟಿ ಮಾಸ್ಟರ್ ಇದ್ದರು. ಮುಖ ಸಪ್ಪಗಿದ್ದ ಹುಡುಗನ ಕೈಗೆ ಆಟದ ಸಾಮಾನಿನ ರೂಮಿನ ಬೀಗದ ಕೈ ಕೊಟ್ಟು, "ಹೋಗಿ ಬಾಲ್‌ಗೆಲ್ಲ ಗಾಳಿ ಹೊಡಿ" ಎನ್ನುತ್ತಿದ್ದರು. ಆಮೇಲೆ ತಾವೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಅಪ್ಪನ ಕೆಲಸ ಹೋದದ್ದನ್ನು ನಾನು ಮೊದಲು ಹೇಳಿದ್ದು ಅವರಿಗೇ. ಅದು ಸ್ಟಾಫ್ ರೂಮಿಗೆ ಹೋಗಲೇ ಇಲ್ಲ. ಈಗಿನ ಮಕ್ಕಳಿಗೆ ಏಳೂಕಾಲಿಗೆ ವ್ಯಾನು, ಶಾಲೆ ಬಿಟ್ಟರೆ ಟ್ಯೂಷನ್ನು, ಆಟದ ಪಿರಿಯಡ್‌ನಲ್ಲಿ ಗಣಿತ. ಅಂಥ ಮಾಸ್ಟರ್ ಇದ್ದರೂ ಅವರ ಪಕ್ಕ ಕೂರಲು ಹೊತ್ತೆಲ್ಲಿ?

ಇನ್ನು ನಿಮ್ಹಾನ್ಸ್. ಹೊಸೂರು ರಸ್ತೆಯ ಆ ಹೆಸರನ್ನು ಬೈಗುಳದ ಹಾಗೆ ಬಳಸುವುದು ನಮ್ಮ ಊರಿನ ಹಳೇ ಚಾಳಿ. ಆ ಸಂಸ್ಥೆಯವರೇ ಬಿಟಿಎಂ ಲೇಔಟಿನಲ್ಲಿ, ಆಸ್ಪತ್ರೆಯಿಂದ ದೂರದಲ್ಲಿ, ಬೇರೆಯೇ ಒಂದು ಸ್ವಾಸ್ಥ್ಯ ಕೇಂದ್ರ ನಡೆಸುತ್ತಾರೆ. ಚಿಂತೆ, ಮಕ್ಕಳ ಓದು, ಮೊಬೈಲ್ ಗೀಳು ಅಂತ ಮಾಮೂಲಿ ಜನ ಅಲ್ಲಿಗೆ ಹೋಗಿ ಮಾತಾಡಿ ಬರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಬೆನ್ನಿಗಿರುವುದೂ ನಿಮ್ಹಾನ್ಸೇ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳಿಗೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ. ಎರಡನ್ನೂ ಫ್ರಿಜ್ಜಿನ ಮೇಲೆ ಅಂಟಿಸಿಡಿ, ಗ್ಯಾಸ್ ಬುಕಿಂಗ್ ನಂಬರಿನ ಪಕ್ಕ. ಮಗಳಿಗೆ ವಿಶೇಷವಾಗಿ ತೋರಿಸಲು ಹೋಗಬೇಡಿ. ಅವಳಿಗೆ ಕಾಣುತ್ತದೆ. 14416ಕ್ಕೆ ಮೊದಲು ನೀವೇ ಒಮ್ಮೆ ಮಾಡಿ, ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಲ್ಲ.

ಶಾಲೆಗೆ ಹೋಗಿ, ಆದರೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಅಲ್ಲಿ ಹಾಕಿದರೆ ಅವಳನ್ನು ಎರಡನೇ ಸಲ ಎಬ್ಬಿಸಿ ನಿಲ್ಲಿಸಿದ ಹಾಗೆ. ಹೋಗುವ ಮುಂಚೆ ಅವಳನ್ನು ಕೇಳಿ. "ಬೇಡಮ್ಮ" ಅಂದರೆ ಒಂದೆರಡು ವಾರ ತಡೆಯಿರಿ. ಹೂಂ ಅಂದರೆ, ಹೆಡ್ ಮಿಸ್ ಮತ್ತು ಕೌನ್ಸೆಲರ್ ಇಬ್ಬರ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ಆ ರೂಮಿನಲ್ಲಿ ಮಗು ಹೇಳಿದ್ದು ಯಾರ ಯಾರ ತನಕ ಹೋಗುತ್ತದೆ? ಉತ್ತರ ಬರವಣಿಗೆಯಲ್ಲಿ ಕೊಡಿ ಎನ್ನಿ. ನನ್ನ ಅನುಮಾನ, ಆ ಕೌನ್ಸೆಲರ್‌ಗೂ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಹೊಸಬರು, ಕ್ಲಾಸ್ ಟೀಚರ್ ಕೇಳಿದಾಗ ಇಲ್ಲ ಎನ್ನಲು ಧೈರ್ಯ ಸಾಲದೆ ಹೇಳಿರಬಹುದು. ಹಾಗಾಗಿದ್ದರೆ ಅವರು ನಿಮ್ಮ ಮಗಳ ಹತ್ತಿರ ಕ್ಷಮೆ ಕೇಳಲಿ, ರೂಮಿನೊಳಗೆ, ಬಾಗಿಲು ಹಾಕಿ.

ಸಂಜೆ ಡಬ್ಬಿ ತೊಳೆಯುವಾಗ ಏನಾದರೂ ಮಿಕ್ಕಿದೆಯಾ ನೋಡುತ್ತಿರಿ. ಏನೂ ಕೇಳಬೇಡಿ. ನಾಳೆಯಿಂದ ಎರಡು ಚಪಾತಿ ಜಾಸ್ತಿ ಹಾಕಿ, ಪಕ್ಕದವರಿಗೆ ಕೊಡಬೇಕು ಅನಿಸಿದರೆ ಇರಲಿ.

– ಸಂಪಾದಕ